ತೋಮಾಚ್ಚನ ನೀರಿನ ಬಾಟಲಿ

ಸ್ನೇಹಿತರೇ, ಇವತ್ತು ಬೆಳ್ಳಾರೆಯ ನನ್ನ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಹೊಸ ಟಿಪ್ ಒಂದು, ಅಂದರೆ ಉಕ್ಕು ಕೊರೆಯುವ ಪುಟ್ಟ ತುದಿ, ಕೂದಲೆಳೆ ಅಂತರದಲ್ಲಿ ಪಾರಾಯಿತು. ಕಡಬದ ರಬ್ಬರ್ ಬೆಳೆಗಾರ ತೋಮಾಚ್ಚ ಶೀಟ್ ಒತ್ತುವ ಮಿಷನ್ನಿಗೆ ಶಾಫ್ಟ್ ಮಾಡಿಸಲು ಬಂದಿದ್ದರು. ಉಕ್ಕು ಕತ್ತರಿಸುತ್ತಿದ್ದ ಟಿಪ್ ಕೆಂಪಾದದ್ದೇ ತಡ, ತಮ್ಮ ಬಾಟಲಿಯ ಮುಚ್ಚಳ ತೆಗೆದು ನೀರು ಹೊಯ್ಯಲು ಬಂದರು. ನಾನು ಕೈ ಹಿಡಿದೆ.

“ಬಿಡು ಮಾರಾಯ. ರಬ್ಬರ್ ಮರ ಕೆತ್ತುವ ಟ್ಯಾಪಿಂಗ್ ಕತ್ತಿ ಮಿಷನ್ನಿನಲ್ಲಿ ಮಸೆಯುವಾಗ ನೀರಿಗೆ ಅದ್ದದಿದ್ರೆ ನೀಲಿಯಾಗಿ ಹರಿತ ಹೋಗ್ತದೆ. ನನಗೆ ಗೊತ್ತುಂಟು.”

“ಇದು ಹಾಗಲ್ಲ ತೋಮಾಚ್ಚ. ಇದರ ಮೇಲೆ ಸಿರಾಮಿಕ್ ಲೇಪ ಉಂಟು. ಕೆಲಸ ಮಾಡ್ತಾ ಕಾದಾಗ ಇನ್ನೂ ಗಟ್ಟಿಯಾಗುದು. ನೀರು ಬಿದ್ರೆ ಟಿಪ್ಪೇ ಬಿರುಕು ಬಿಡ್ತದೆ.”

ಅವರು ನಂಬಲಿಲ್ಲ. ಅದೇ ಟಿಪ್ ಮೂರು ಶಾಫ್ಟ್ ಮುಗಿಸಿತು. ತುದಿ ಹಾಗೆಯೇ ಇತ್ತು. ತೋಮಾಚ್ಚ ಕನ್ನಡಕ ಏರಿಸಿ ಅದನ್ನು ನೋಡಿದರು, ಬಾಟಲಿಯ ನೀರು ತಾವೇ ಕುಡಿದರು. ಆಮೇಲೆ ಕೇಳಿದರು.

“ಈ ಲೇಪ ನನ್ನ ಮೊಣಕಾಲ ಗಂಟಿಗೆ ಹಾಕ್ಲಿಕ್ಕೆ ಆಗ್ತದಾ?”

“ಗಟ್ಟಿಯಾಗ್ಲಿಕ್ಕೆ ಎಂಟುನೂರು ಡಿಗ್ರಿ ಬಿಸಿ ಬೇಕು.”

“ಕಡಬದ ಎಪ್ರಿಲ್ ಎಪ್ಪತ್ತು ಸಲ ಕಂಡವ ನಾನು. ಎಲ್ಲ ಒಟ್ಟು ಸೇರಿಸಿದ್ರೆ ಸಾಕಾಗುದಿಲ್ವಾ?”

ತಗಡಿನ ಮಾಡಿನಡಿ ಬೆಳಗ್ಗಿನಿಂದ ಬೇಯುತ್ತಿದ್ದ ನನಗೆ ಆ ಲೆಕ್ಕ ತಪ್ಪೆನ್ನಲು ಮನಸ್ಸು ಬರಲಿಲ್ಲ.