ನಡುವೆ ನಿಂತ ಬಸಲಿಂಗವ್ವ

ಇಳಕಲ್ಲಿನ ನಮ್ಮ ಓಣಿಯಲ್ಲಿ ಬಸಲಿಂಗವ್ವನಂಥ ಹಟಮಾರಿ ಇನ್ನೊಬ್ಬಳಿಲ್ಲ. ಗಂಡ ತೀರಿದ ಮೇಲೆ ಸೀರೆ ನೇಯ್ದೇ ಒಬ್ಬಳೇ ಮಗಳು ಶೀಲಾಳನ್ನು ಓದಿಸಿದಳು. ವಿದ್ಯಾರ್ಥಿವೇತನದ ಮೇಲೆ ಕೆನಡಾಕ್ಕೆ ಹೋದ ಶೀಲಾ, ಅಲ್ಲಿ ನರ್ಸಾಗಿದ್ದ ಹುನಗುಂದದ ಅನೀಸಳನ್ನು ಕಾಯ್ದೆ ಪ್ರಕಾರ ಮದುವೆಯಾದಳು. ಸುದ್ದಿ ಕೇಳಿ ಬಸಲಿಂಗವ್ವ ತಿಂಗಳುಗಟ್ಟಲೆ ಮಾತು ಬಿಟ್ಟಳು. ಆಮೇಲೆ ತಾನೇ ಫೋನ್ ಮಾಡಿ, "ಅಕಿಗೆ ಖಾರ ನಡೀತದೇನು?" ಎಂದು ಕೇಳಿದಳು.

ಓಣಿಗೆ ಮಾತ್ರ ಅನೀಸ ಮಗಳ ಗೆಳತಿ. ಎದುರು ಮನೆಯ ನನಗೊಬ್ಬಳಿಗೇ ನಿಜ ಗೊತ್ತು.

ತಾಯಿಯ ಕಾಲು ಮುರಿದಾಗ ಶೀಲಾ ಊರಿಗೆ ಬಂದಳು. ಇಲ್ಲಿದ್ದಾಗಲೇ ಓದಿನ ವೀಸಾ ಮುಗಿಯಿತು. ಇನ್ನು ಹೆಂಡತಿಯೆಂದು ಅನೀಸಳೇ ಕರೆಸಿಕೊಳ್ಳಬೇಕು. ಅಲ್ಲಿನ ಕಾನೂನು ಒಪ್ಪುತ್ತದೆ, ಆದರೆ ಮದುವೆ ನಿಜವೆಂದು ತೋರಿಸಲು ಮನೆಯಲ್ಲಿ ಇಬ್ಬರೂ ಜೋಡಿಯಾಗಿರುವ ಫೋಟೋಗಳೂ ಬೇಕಂತೆ. ಅನೀಸ ರಜೆಗೆ ಬಂದಾಗಲೆಲ್ಲ ಫೋಟೋ ತೆಗೆದವಳು ನಾನೇ. ವಕೀಲರು ನೋಡಿ, ಇವು ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳ ಫೋಟೋ ಎಂದುಬಿಟ್ಟರು. ಎಲ್ಲದರಲ್ಲೂ ಬಸಲಿಂಗವ್ವ ಇಬ್ಬರ ನಡುವೆ! ಓಣಿಯ ಬಾಯಿಗೆ ಹೆದರಿ ಹಾಗೆ ನಿಲ್ಲುತ್ತಿದ್ದಳು.

"ನಾನ ಅಡ್ಡ ನಿಂತಂಗಾತಲ್ಲವ್ವ," ಎಂದು ಅತ್ತಳು. ನನಗೂ ಅಳು ಬಂತು.

ಅನೀಸ ಮತ್ತೆ ಬಂದಾಗ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಉಡಿ ತುಂಬಿಸಲು ಬಸಲಿಂಗವ್ವ ನಿಶ್ಚಯಿಸಿದಳು. ಗಂಡನಿಲ್ಲದವಳು ಉಡಿ ತುಂಬುವಂತಿಲ್ಲ ಎಂಬ ಹಾಳು ಪದ್ಧತಿ ನಮ್ಮದು. ಪಕ್ಕದ ಮನೆಯ ಹುಚ್ಚವ್ವನನ್ನೇ ಕರೆಯಬೇಕಾಯಿತು. ಹುಚ್ಚವ್ವನ ಬಾಯಿಗೆ ಬಿದ್ದದ್ದು ಸಂಜೆಗೆ ಸಂತೆಯಲ್ಲಿರುತ್ತದೆ.

ಶೀಲಾಳ ಉಡಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿದ ಹುಚ್ಚವ್ವ ಅನೀಸಳ ಮುಂದೆ ಕೈ ತಡೆದಳು. "ಗೆಳತಿಗ್ಯಾಕವ್ವ ಇದು?"

"ಗೆಳತಿ ಅಲ್ಲ. ಶೀಲಾನ್ನ ಲಗ್ನ ಆದಾಕಿ. ನನ್ನ ಸೊಸಿ."

ಅನೀಸ ಓಢಣಿ ಒಡ್ಡಿಯೇ ಕೂತಿದ್ದಳು. ಹುಚ್ಚವ್ವ ಅವಳನ್ನೇ ದಿಟ್ಟಿಸಿ ನೋಡಿದಳು.

"ಮೊದಲ ಹೇಳಬಾರ್ದೇನ? ಹೊಸಾ ಸೊಸಿಗೆ ಕೈತುಂಬ ಹಸರ ಬಳಿ ತರ್ತಿದ್ದೆ!" ಎಂದು ಬೈಯುತ್ತಲೇ ಉಡಿ ತುಂಬಿದಳು.

ಫೋಟೋ ತೆಗೆಯಲು ನಾನು ಫೋನ್ ಎತ್ತಿದೆ. ರೂಢಿಯಂತೆ ನಡುವೆ ಬಂದ ಬಸಲಿಂಗವ್ವ ಥಟ್ಟನೆ ನಿಂತು, ಮಗ್ಗದ ಕಡೆ ಸರಿದಳು.

ವೀಸಾ ಬಂತು, ಶೀಲಾ ಹೋದಳು. ಆ ಫೋಟೋ ಈಗ ಮಗ್ಗದ ಮೇಲಿನ ಗೋಡೆಯಲ್ಲಿದೆ. ಮೊನ್ನೆ ಹುಚ್ಚವ್ವ ಅದನ್ನು ನೋಡಿ, "ಇದ್ರಾಗ ನೀ ಎಲ್ಲಿದ್ದೀಯವ್ವ?" ಎಂದಳು.

"ನಾ ಸರದು ನಿಂತಿದ್ದೆ," ಎಂದಳು ಬಸಲಿಂಗವ್ವ, ಕಣ್ಣೊರೆಸಿಕೊಂಡು. "ಇಲ್ಲಾಂದ್ರ ಅಕಿ ಹೆಂಗ ಹೋಗ್ತಿದ್ಳು?"