ಸುಣ್ಣದಗೂಡಿನ ಶಾಲೆಗೆ ಬಿದ್ದ ಏಟು

ಚಿಕ್ಕಬೋರಮ್ಮನವರು ಅಕ್ಕಿಹೆಬ್ಬಾಳಿನ ಬೇಸಾಯದ ಮನೆಯ ಮಗಳು. ಅವರ ಅಪ್ಪ ಎತ್ತಿಗೆ ಹೊಡೆಯುತ್ತಿದ್ದ ಬಾರುಕೋಲಿನಲ್ಲೇ ಮಕ್ಕಳಿಗೂ ಹೊಡೆಯುತ್ತಿದ್ದರು. ಹೇಮಾವತಿಯಲ್ಲಿ ಈಜಲು ಹೋದರೆ ಏಟು, ಹೋಗದೆ ಮನೆಯಲ್ಲಿ ಕೂತು ಓದಿದರೂ ಏಟು. ಬೆನ್ನ ಮೇಲೆ ಬಾಸುಂಡೆ ಹೊತ್ತುಕೊಂಡೇ ಆ ಹುಡುಗಿ ಟಿ.ಸಿ.ಎಚ್. ಮುಗಿಸಿ ಟೀಚರಾದಳು. ಶಾಲೆಗೆ ಸೇರಿದ ಮೊದಲ ದಿನವೇ ಮೇಜಿನ ಮೇಲಿದ್ದ ಹುಣಸೆ ಬರಲನ್ನು ಮುರಿದು ಕಿಟಕಿಯಾಚೆ ಎಸೆದರಂತೆ. ಇದನ್ನು ಅವರೇ ನನಗೆ ಹೇಳಿದ್ದು. ನಾಗಮಂಗಲದಲ್ಲಿ ನಾನು ಅವರ ಜೊತೆ ಕೆಲಸ ಮಾಡಿದವನು. ಉಳಿದ ಕಥೆಯನ್ನು ಅವರಿಂದಲೂ, ಅದನ್ನು ಕಣ್ಣಾರೆ ಕಂಡ ಬೇರೆ ಮೇಷ್ಟ್ರುಗಳಿಂದಲೂ ಕೇಳಿ ತಿಳಿದುಕೊಂಡೆ.

ತೊಂಬತ್ಮೂರರಲ್ಲಿ ಅವರಿಗೆ ಪಾಂಡವಪುರಕ್ಕೆ ವರ್ಗವಾಯಿತು. ಗಂಡ ದೇವಯ್ಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ಮನೆಗೆ ಹತ್ತಿರದ ಕೆಲಸ ಸಿಕ್ಕಿತೆಂದು ಇಬ್ಬರಿಗೂ ಸಂತೋಷ. ಆದರೆ ಕೆಲಸ ಸಿಕ್ಕಿದ್ದು ಊರಂಚಿನ ಸುಣ್ಣದಗೂಡಿನ ಶಾಲೆಯಲ್ಲಿ. ಹಿಂದೆ ಸುಣ್ಣ ಸುಡುತ್ತಿದ್ದ ಬಯಲಲ್ಲಿ ಎರಡು ಕೋಣೆ, ಒಂದು ಜಗಲಿ. ಲಾರಿಗೆ ಲೋಡು ತುಂಬುವವರ, ಬೀದಿ ಗುಡಿಸುವವರ, ಕಬ್ಬು ಕಡಿಯಲು ಬಂದು ಅಲ್ಲೇ ನಿಂತವರ ಮಕ್ಕಳು ಕೋಣೆ ತುಂಬಿ ಜಗಲಿಯವರೆಗೂ ಕೂರುತ್ತಿದ್ದರು. ಟೀಚರ್ ಎಂದರೆ ಇವರೊಬ್ಬರೇ. ಕೂಗಳತೆಯ ದೂರದಲ್ಲಿದ್ದ ಸಂತೆಬೀದಿ ಶಾಲೆಯೂ ಸರ್ಕಾರದ್ದೇ. ಅಲ್ಲಿ ತರಗತಿಗೊಬ್ಬರು ಮೇಷ್ಟ್ರು ಇದ್ದು, ಮೇಲಿನ್ನೂ ಇಬ್ಬರು ಸ್ಟಾಫ್ ರೂಮಿನಲ್ಲಿ ಪೇಪರ್ ಓದುತ್ತಿದ್ದರು.

ಈ ಮಾತನ್ನು ಬೋರಮ್ಮನವರು ಶಿಕ್ಷಕರ ಸಂಘದ ಸಭೆಯಲ್ಲಿ ಎತ್ತಿದರು. ಸಂಘದ ಅಧ್ಯಕ್ಷರು ಮಹದೇವಸ್ವಾಮಿ. ತೊಣ್ಣೂರಿನ ಕಡೆಯವರು, ಮೆತ್ತನೆ ಮಾತಿನ ಮನುಷ್ಯ. ಕಾರ್ಯದರ್ಶಿ ಚೌಡಯ್ಯನವರು ಸಂತೆಬೀದಿ ಶಾಲೆಯ ಹಿರಿಯ ಮೇಷ್ಟ್ರು.

“ಸಂಬಳ ಜಾಸ್ತಿ ಕೇಳಕ್ಕೆ ಸಂಘ ಬೇಕು, ಮಕ್ಕಳಿಗೆ ಮೇಷ್ಟ್ರನ್ನ ಸಮವಾಗಿ ಹಂಚಿ ಅಂತ ಕೇಳಕ್ಕೆ ಬ್ಯಾಡ್ವಾ?” ಎಂದರು ಬೋರಮ್ಮ.

ಚೌಡಯ್ಯ ಎದ್ದು ನಿಂತರು. “ನಿನ್ನೆ ಮೊನ್ನೆ ಬಂದೋಳು ನಮ್ಮನ್ನ ಆ ಕೊಚ್ಚೇಗೆ ಕಳಿಸ್ತೀಯೇನಮ್ಮ?”

“ಅದು ಕೊಚ್ಚೆ ಆಗಿರಾದು ನೀವ್ ಯಾರೂ ಕಾಲಿಡ್ದೆ ಇರಾದ್ರಿಂದ ಕಣ್ರೀ.”

ಅಷ್ಟಕ್ಕೇ ಸಭೆ ಕೆಟ್ಟಿತು. ಯಾರೋ ಯಾರದೋ ಕೊರಳಪಟ್ಟಿ ಹಿಡಿದರು. ಚೌಡಯ್ಯ ಕಬ್ಬಿಣದ ಕುರ್ಚಿ ಎತ್ತಿ ಬೀಸಿದರು. ಬೋರಮ್ಮ ತಲೆ ತಗ್ಗಿಸಿದ್ದರಿಂದ ಅದು ಹಿಂದಿದ್ದ ಗಾಜಿನ ಬೀರುವಿಗೆ ಬಡಿಯಿತು. ಗಾಜಿನ ಚೂರು ಬಿದ್ದ ನೆಲದ ಮೇಲೆಯೇ ಮಹದೇವಸ್ವಾಮಿ ಕೈ ಎತ್ತಿಸಿ ನಿರ್ಣಯ ಮಾಡಿಸಿದರು. ಒಬ್ಬಂಟಿಯಾಗಿ ಹಳ್ಳಿ ಶಾಲೆ ನಡೆಸುತ್ತಿದ್ದ ಮೇಷ್ಟ್ರುಗಳೆಲ್ಲ ಬೋರಮ್ಮನ ಪರ ಕೈ ಎತ್ತಿದರು. ಮಕ್ಕಳ ಲೆಕ್ಕಕ್ಕೆ ತಕ್ಕಂತೆ ಮೇಷ್ಟ್ರು ಬೇಕು, ಪಟ್ಟಣದ ಯಾವ ಸರ್ಕಾರಿ ಶಾಲೆಯನ್ನೂ ಮುಚ್ಚಕೂಡದು. ಇಷ್ಟೇ ಬೇಡಿಕೆ. ಚೌಡಯ್ಯ ರಾಜೀನಾಮೆ ಬಿಸಾಕಿ ಹೊರಗೆ ನಡೆದರು.

ಶಾಲೆ ಮುಚ್ಚುವ ಮಾತು ಸುಮ್ಮನೆ ಬಂದದ್ದಲ್ಲ. ತಿಮ್ಮರಾಜು ಎಂಬ ಲಾರಿ ಮಾಲೀಕನಿಗೆ ಆ ಬಯಲು ಬೇಕಾಗಿತ್ತು. ಪುರಸಭೆಗೆ ಗೆದ್ದುಬಂದಿದ್ದ ಅವನ ಅಂಗೈಯಲ್ಲೇ ಊರಿನ ರಾಜಕೀಯವೆಲ್ಲ ಇತ್ತು. ಮೇಷ್ಟ್ರಿಲ್ಲದೆ ಮಕ್ಕಳು ತಾವಾಗಿಯೇ ಬಿಟ್ಟುಹೋದರೆ ಶಾಲೆ ಮುಚ್ಚುತ್ತದೆ, ಬಯಲು ಲಾರಿ ಸ್ಟ್ಯಾಂಡ್ ಆಗುತ್ತದೆ ಎಂಬುದು ಅವನ ಎಣಿಕೆ. ನಿರ್ಣಯದ ಸುದ್ದಿ ತಿಳಿದ ಮೇಲೆ ಅವನೇ ಜೀಪಿನಲ್ಲಿ ಬಂದ.

“ಟೀಚರಮ್ಮ, ನಿಮ್ಗೆ ಸಂತೆಬೀದಿ ಸ್ಕೂಲ್ನಾಗೇ ಜಾಗ ಕೊಡುಸ್ತೀನಿ. ಇಲ್ಲೇನೈತೆ? ಈ ಮಕ್ಳು ನಾಕ್ ಅಕ್ಸರ ಕಲ್ತು ಏನ್ ಡಿಸಿ ಆಯ್ತವಾ?”

“ಆಗ್ದೆ ಇದ್ರೂ ಪರ್ವಾಗಿಲ್ಲ. ನಿಮ್ ಲಾರಿ ಮೇಲೆ ಬರ್ದಿರಾದ್ನ ಓದ್ಲಿ.”

ಅವನು ನಕ್ಕ. “ಗಂಡ ನೈಟ್ ಶಿಫ್ಟು ಮುಗಿಸ್ಕಂಡು ಸೈಕಲ್ನಾಗ್ ಬತ್ತಾರಂತಲ್ಲ? ರೋಡು ಸರಿಯಿಲ್ಲ ಕಣಮ್ಮ. ಜ್ವಾಪಾನ.”

ಆ ವಾರವೇ ದೇವಯ್ಯನ ಸೈಕಲ್ಲಿಗೆ ಲಾರಿಯೊಂದು ಒರೆಸಿಕೊಂಡು ಹೋಯಿತು. ಅವರು ಕಬ್ಬಿನ ಗದ್ದೆಗೆ ಉರುಳಿ, ಪಕ್ಕೆಲುಬು ಮುರಿದುಕೊಂಡು ಮನೆ ಸೇರಿದರು. ಮತ್ತೊಂದು ಬೆಳಿಗ್ಗೆ ಶಾಲೆಯ ಬಾಗಿಲಿಗೆ ಸತ್ತ ನಾಯಿ ನೇತುಹಾಕಿದ್ದರು. ಬೋರಮ್ಮ ಮಕ್ಕಳು ಬರುವುದಕ್ಕೆ ಮುಂಚೆ ಅದನ್ನು ಇಳಿಸಿ, ಬಯಲಿನ ಮೂಲೆಯಲ್ಲಿ ಹೂತು, ಕೈ ತೊಳೆದುಕೊಂಡು ಅವರನ್ನು ಪ್ರಾರ್ಥನೆಗೆ ನಿಲ್ಲಿಸಿದರು. ರಾತ್ರಿ ಮಾತ್ರ ಗಂಡನ ಪಕ್ಕೆಗೆ ಶಾಖ ಕೊಡುತ್ತ ಕೂತರು.

“ವರ್ಗ ಮಾಡುಸ್ಕಂಬುಡಾನ?” ಎಂದು ಕೇಳಿದರು.

ದೇವಯ್ಯ ಪಕ್ಕೆ ಹಿಡಿದುಕೊಂಡೇ ಹೇಳಿದರು: “ನನ್ ಮೂಳೆ ಮುರ್ದುದ್ಕೆ ನೀ ಓಡೋಯ್ತೀಯಾ? ಅಂಗಾರೆ ಸುಮ್ಕೆ ಮುರುಸ್ಕಂಡಂಗಾಯ್ತು ಬುಡು.”

ಆಮೇಲೆ ಒಂದು ಶನಿವಾರ. ಬೆಳಗಿನ ಶಾಲೆ. ಮಕ್ಕಳು ಜಗಲಿಯಲ್ಲಿ ಮಗ್ಗಿ ಹೇಳುತ್ತಿದ್ದಾಗ ಬಯಲಿಗೆ ಟ್ರಾಕ್ಟರು ನುಗ್ಗಿತು. ಅದರ ಹಿಂದೆ ದೊಣ್ಣೆ, ಹಾರೆ ಹಿಡಿದ ಗಂಡಸರು. ಒಬ್ಬ ಜಗಲಿಯ ಕಂಬಕ್ಕೆ ಸರಪಳಿ ಸುತ್ತಲು ಶುರು ಮಾಡಿದ.

“ಬಿಲ್ಡಿಂಗ್ ಬೀಳೋ ಅಂಗೈತಂತೆ. ಕೆಡವ್ತೀವಿ. ಮಕ್ಳುನ್ನ ಕಳುಸ್ಬುಡಿ.”

ಬೋರಮ್ಮ ಮಕ್ಕಳನ್ನು ಒಳಕೋಣೆಯ ಹಿಂದಿನ ಕಿಟಕಿಯಿಂದ ಒಬ್ಬೊಬ್ಬರನ್ನಾಗಿ ಇಳಿಸಿದರು. ದೊಡ್ಡವರು ಚಿಕ್ಕವರನ್ನು ಸೊಂಟಕ್ಕೆ ಎತ್ತಿಕೊಂಡು ಕೇರಿಯತ್ತ ಚೀರುತ್ತ ಓಡಿದರು. ಆ ಚೀರಾಟ ಕೇಳಿ ಕಲ್ಲು ಹೊರುತ್ತಿದ್ದ ದೊಡ್ಡತಾಯಮ್ಮ ಎಂಬ ತಾಯಿ ಬುಟ್ಟಿ ಎಸೆದು ಹೆಂಗಸರನ್ನು ಕೂಗಿಕೊಂಡು ಹೊರಟಳು. ಆ ಹೊತ್ತಿಗೇ ಮಹದೇವಸ್ವಾಮಿಯವರೂ ಸಂಘದ ಕೆಲವು ಮೇಷ್ಟ್ರುಗಳೂ ಸೈಕಲ್ಲುಗಳಲ್ಲಿ ಬಂದರು. ಹತ್ತಿರದ ಶಾಲೆಯಿಂದ ಟ್ರಾಕ್ಟರನ್ನು ನೋಡಿದ್ದವರೊಬ್ಬರು ಸುದ್ದಿ ಮುಟ್ಟಿಸಿದ್ದರು.

ಮಹದೇವಸ್ವಾಮಿ ಸರಪಳಿಯ ಮುಂದೆ ಎರಡೂ ಕೈ ಅಗಲಿಸಿ ನಿಂತರು. “ಬ್ಯಾಡಿ ಕಣ್ರಪ್ಪಾ. ಸ್ಕೂಲು ಕಣ್ರಪ್ಪಾ ಇದು.”

ಮೊದಲ ಏಟು ಅವರ ಭುಜಕ್ಕೆ. ಎರಡನೆಯದು ತಲೆಗೆ. ಬಿಳಿ ಅಂಗಿ ನೋಡುನೋಡುತ್ತಲೇ ಕೆಂಪಾಯಿತು. ಅವರು ಮಂಡಿಯೂರಿ ಕುಸಿದರೂ ಹೊಡೆಯುವವನು ನಿಲ್ಲಿಸಲಿಲ್ಲ. ಹಾರೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ. ಆಗ ಅವನ ಮುಖ ಜಗಲಿಗೆ ಓಡಿಬಂದ ಬೋರಮ್ಮನಿಗೆ ಕಂಡಿತು. ಚಿಕ್ಕಮಾದ. ಅವರು ಹಿಂದೆ ಶ್ರೀರಂಗಪಟ್ಟಣದ ಬಳಿ ಬಾಬುರಾಯನಕೊಪ್ಪಲಿನಲ್ಲಿ ಪಾಠ ಮಾಡುತ್ತಿದ್ದಾಗ ನಾಲ್ಕನೇ ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನು. ಓದು ಬಿಟ್ಟು ತಿಮ್ಮರಾಜುವಿನ ಲಾರಿಯಲ್ಲಿ ಕ್ಲೀನರ್ ಆಗಿದ್ದ.

“ಲೇ ಮಾದಾ! ಬುಡ್ಲಾ!”

ಅವನು ಒಂದು ಗಳಿಗೆ ಅವರತ್ತ ನೋಡಿದ. ಗುರುತು ಹಿಡಿದ. ಆದರೂ ಹಾರೆ ಕೆಳಗಿಳಿಸಲಿಲ್ಲ. ಬೋರಮ್ಮ ಗಂಟೆ ಬಾರಿಸುವ ಕಬ್ಬಿಣದ ಸಲಾಕೆಯನ್ನು ಗೋಡೆಯಿಂದ ಕಿತ್ತು ಅವನ ದವಡೆಗೆ ಬೀಸಿದರು. ಮೂಳೆ ಮುರಿದ ಸದ್ದು ಕೈಯವರೆಗೂ ಬಂತು. ಅವನು ರಕ್ತ, ಹಲ್ಲು ಒಟ್ಟಿಗೆ ಉಗುಳುತ್ತ ಬಿದ್ದ. ಮರುಕ್ಷಣ ಇನ್ನೊಬ್ಬ ಬೋರಮ್ಮನ ಎಡಗೈಗೆ ದೊಣ್ಣೆಯಿಂದ ಹೊಡೆದ. ಮೊಣಕೈ ತಿರುಚಿಕೊಂಡು ತೂಗಾಡಿತು. ಟ್ರಾಕ್ಟರು ಜಗ್ಗಿತು. ಕಂಬ ಕಿತ್ತು ಜಗಲಿಯ ಹೆಂಚುಗಳೆಲ್ಲ ಸುರಿದವು. ಆ ದೂಳಿನೊಳಗೆ ಹೆಂಗಸರು ನುಗ್ಗಿದರು. ದೊಡ್ಡತಾಯಮ್ಮ ಟ್ರಾಕ್ಟರು ಓಡಿಸುತ್ತಿದ್ದವನನ್ನು ತಲೆಗೂದಲು ಹಿಡಿದು ಕೆಳಗೆಳೆದು, ಹೆಂಚಿನ ಚೂರಿನಿಂದ ಮುಖ ಜಜ್ಜಿದಳು. ಪೊಲೀಸರು ಬಂದು ಬಿಡಿಸದಿದ್ದರೆ ಅವನು ಉಳಿಯುತ್ತಿರಲಿಲ್ಲ.

ಮಹದೇವಸ್ವಾಮಿಯವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಪ್ರಾಣ ಉಳಿಯಿತು, ಮಾತು ಉಳಿಯಲಿಲ್ಲ. ನೋಡಲು ಹೋದ ಚೌಡಯ್ಯನವರಿಗೆ ಅವರು ಏನೋ ಹೇಳಲು ಹೋದರು. ಬಾಯಿಂದ ಬರಿಯ ಉಸಿರು ಬಂತು. ಚೌಡಯ್ಯ ಹೊರಗೆ ಬಂದು ವರಾಂಡದ ಗೋಡೆಗೆ ಹಣೆ ಚಚ್ಚಿಕೊಂಡರು.

ಸೋಮವಾರ ಅವರು ಸಂತೆಬೀದಿ ಶಾಲೆಗೆ ಬೀಗ ಹಾಕಿಸಿ, ಎಲ್ಲ ಮೇಷ್ಟ್ರುಗಳನ್ನೂ ಬೀದಿಗೆ ತಂದರು. “ನಮ್ ಮಕ್ಕಳ ಪಾಠ ಯಾಕ್ ಕೆಡುಸ್ತೀರಿ?” ಎಂದು ಪೇಟೆಯ ತಂದೆತಾಯಿಗಳೇ ಅವರ ಮೇಲೆ ಹರಿಹಾಯ್ದರು. ತಿಮ್ಮರಾಜುವಿನ ಕಡೆಯವರು ಕಲ್ಲು ತೂರಿದರು. ಒಂದು ಕಲ್ಲು ಚೌಡಯ್ಯನ ಕನ್ನಡಕ ಒಡೆದು ರೆಪ್ಪೆ ಸೀಳಿತು. ಕಣ್ಣಿಗೆ ಟವೆಲು ಒತ್ತಿಕೊಂಡು ಅಲ್ಲೇ ರಸ್ತೆಯಲ್ಲಿ ಕೂತರು. ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಬೋರಮ್ಮ ಪಕ್ಕದಲ್ಲಿ ಕೂತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದಿಂದಲೂ ಮೇಷ್ಟ್ರುಗಳು ಬಸ್ಸು ತುಂಬಿಕೊಂಡು ಬಂದರು. ಧರಣಿ ನಡೆದೇ ನಡೆಯಿತು. ಕೊನೆಗೆ ಜಿಲ್ಲೆಯಿಂದ ಆದೇಶ ಬಂತು: ಸುಣ್ಣದಗೂಡಿನ ಶಾಲೆ ಅಲ್ಲೇ ಇರುತ್ತದೆ, ಪಟ್ಟಣದ ಶಾಲೆಗಳಿಗೆ ಮಕ್ಕಳ ಸಂಖ್ಯೆಯ ಮೇಲೆ ಮೇಷ್ಟ್ರುಗಳನ್ನು ಹಂಚಬೇಕು.

ಕೇಸು ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ನಡೆಯಿತು. ಬೋರಮ್ಮನ ಮೇಲೂ ಪ್ರತಿ ಕೇಸು ಹಾಕಿದ್ದರು. ಯಾರು ಹೊಡೆದರೋ ದೂಳಿನಲ್ಲಿ ಕಾಣಲಿಲ್ಲ ಎಂದುಬಿಡಿ ಎಂದು ಸಂಘದ ವಕೀಲರು ಹೇಳಿಕೊಟ್ಟಿದ್ದರು. ಕಟಕಟೆಯಲ್ಲಿ ನಿಂತಾಗ ಬೋರಮ್ಮ ಆ ಮಾತು ಆಡಲಿಲ್ಲ.

“ನಾನೇ ಹೊಡ್ದೆ ಸ್ವಾಮಿ. ಹೊಡೀದೆ ಇದ್ದಿದ್ರೆ ನಮ್ ಮೇಷ್ಟ್ರು ಅಲ್ಲೇ ಸತ್ತೋಗೋರು.”

ಮಹದೇವಸ್ವಾಮಿಯವರ ಜೀವ ಉಳಿಸಲು ಹೊಡೆದದ್ದೆಂದು ನ್ಯಾಯಾಧೀಶರು ಅವರನ್ನು ಬಿಟ್ಟರು. ಚಿಕ್ಕಮಾದನಿಗೂ ಅವನ ಜೊತೆಯವರಿಗೂ ಜೈಲಾಯಿತು. ಕಳಿಸಿದ್ದು ಯಾರು ಎಂದು ಕೇಳಿದಾಗ ಮಾದ ಸೊಟ್ಟಗಾದ ಬಾಯಿ ಬಿಗಿದುಕೊಂಡು ನಿಂತ. ತಿಮ್ಮರಾಜು ಸಾಕ್ಷಿಯಿಲ್ಲದೆ ಖುಲಾಸೆಯಾಗಿ ಜೀಪು ಹತ್ತಿದ.

ಕೋರ್ಟಿನ ಅಂಗಳದಲ್ಲಿ ಮಾದನ ತಾಯಿ ಅಣ್ಣಮ್ಮ ಕಾಯುತ್ತಿದ್ದಳು. ಬೋರಮ್ಮ ಮೆಟ್ಟಿಲು ಇಳಿಯುತ್ತಿದ್ದಂತೆ ಕಾಲಿನ ಚಪ್ಪಲಿ ತೆಗೆದು ಅವರ ಕೆನ್ನೆಗೆ ಬಾರಿಸಿದಳು.

“ನನ್ ಮಗ ಗಂಜಿ ಬುಟ್ಟು ಬ್ಯಾರೇದು ತಿನ್ನಂಗಿಲ್ಲ. ದ್ಯಾವ್ರು ಅಂತಿದ್ದ ನಿನ್ನ, ಮನೆಗ್ ಬಂದು ಟೀಚರು ದ್ಯಾವ್ರು ಅಂತಿದ್ದ!”

ದೇವಯ್ಯ ಮುಂದೆ ಬಂದರು. ಬೋರಮ್ಮ ಅವರನ್ನು ತಡೆದರು. ಅಣ್ಣಮ್ಮ ಮತ್ತೊಮ್ಮೆ ಹೊಡೆದಳು, ಮತ್ತೊಮ್ಮೆ. ಆಮೇಲೆ ಅವಳ ಕೈಯೇ ಸೋತು ಚಪ್ಪಲಿ ಕೆಳಗೆ ಬಿತ್ತು. ಬೋರಮ್ಮ ಬಗ್ಗಿ ಅದನ್ನೆತ್ತಿ ಅವಳ ಕಾಲ ಬಳಿ ಇಟ್ಟರು.

ಮಹದೇವಸ್ವಾಮಿಯವರು ತೊಂಬತ್ತಾರರ ಬೇಸಿಗೆಯಲ್ಲಿ ತೀರಿಕೊಂಡರು. ತಿಮ್ಮರಾಜು ಮುಂದಿನ ಚುನಾವಣೆಯಲ್ಲೂ ಗೆದ್ದ. ಅದೇ ವರ್ಷ ಬೋರಮ್ಮನವರನ್ನು ನಾಗಮಂಗಲಕ್ಕೆ ಹಾಕಿದರು. ಅವರು ಹೊರಡುವ ದಿನ ಸುಣ್ಣದಗೂಡಿನ ಶಾಲೆಯ ಚಾರ್ಜು ತೆಗೆದುಕೊಳ್ಳಲು ಬಂದವರು ಚೌಡಯ್ಯ. ಯಾರೂ ಕಳಿಸಿದ್ದಲ್ಲ, ತಾವೇ ಕೇಳಿ ಹಾಕಿಸಿಕೊಂಡಿದ್ದರು. ಅವರ ಜೊತೆ ಇನ್ನೂ ಮೂವರು ಮೇಷ್ಟ್ರುಗಳಿದ್ದರು.

“ಕಿಟಕಿ ಹತ್ರ ಮಕ್ಳುನ್ನ ಕೂರುಸ್ಬ್ಯಾಡಿ,” ಎಂದರು ಬೋರಮ್ಮ. “ಈಗ್ಲೂ ಕಲ್ಲು ಹೊಡೀತಾರೆ.”

“ಗೊತ್ತು ಕಣಮ್ಮ,” ಎಂದರು ಚೌಡಯ್ಯ. “ಅಲ್ಲಿ ನಾನೇ ಕೂತ್ಕತೀನಿ.”