ಶುಕ್ರವಾರ ಉಗುರು ಕತ್ತರಿಸಿದವನು

ಫೋರ್‌ಮನ್‌ನ ಬಲಗೈಯ ಐದು ಬೆರಳು ಐದು ದಿಕ್ಕಿಗೆ ನೋಡುತ್ತಿದ್ದವು. ಹೆಬ್ಬೆರಳು ಹಿಂದಕ್ಕೆ ವಾಲಿತ್ತು. ತೋರುಬೆರಳು ಗಂಟಿನಲ್ಲಿ ತಿರುಚಿ ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಕಿರುಬೆರಳು ಜಗಳ ಮಾಡಿಕೊಂಡು ಬೇರೆ ಮನೆ ಮಾಡಿದ ತಮ್ಮನ ಹಾಗೆ ದೂರ ನಿಂತಿತ್ತು. ಆ ಕೈಯಲ್ಲಿ ಅನ್ನ ಕಲಸಿದರೆ ಅರ್ಧ ತಟ್ಟೆಯ ಹೊರಗೆ. ಅದರಲ್ಲಿ ಮೂರು ಬೆರಳು ಸೊಟ್ಟಗಾದದ್ದು ಕಬಡ್ಡಿಯಲ್ಲಿ, ಎದುರಿನವರ ಕಾಲು ಹಿಡಿದು ಹಿಡಿದು. ಉಳಿದ ಎರಡು ಹೋದದ್ದು ನನ್ನಿಂದ. ಅದನ್ನು ಹೇಳಲಿಕ್ಕೇ ಬರೆಯಲು ಕೂತಿದ್ದೇನೆ.

ಅವನು ಕತಾರಿನಲ್ಲಿ, ದೋಹಾದ ಇಂಡಸ್ಟ್ರಿಯಲ್ ಏರಿಯಾದ ಕೆಲಸಗಾರರ ಕ್ಯಾಂಪಿನಲ್ಲಿದ್ದ. ಕಟ್ಟಡಗಳಿಗೆ ಕಬ್ಬಿಣದ ಪೈಪಿನ ಅಟ್ಟಣಿಗೆ ಕಟ್ಟುವವರ ಮೇಲೆ ಫೋರ್‌ಮನ್. ನನ್ನ ಮಗ ಅಲ್ ಖೋರ್‌ನಲ್ಲಿ, ಬೆಳಗ್ಗೆ ಕಂಪನಿ ಬಸ್ಸು ಹತ್ತಿ ಸಂಜೆ ಇಳಿಯುವ ಕೆಲಸ. ಸೊಸೆಯ ಬಾಣಂತನಕ್ಕೆಂದು ಬಂದ ನಾನು ಇಲ್ಲೇ ಉಳಿದುಬಿಟ್ಟೆ. ನಮ್ಮ ಪುತ್ತೂರು, ಬಂಟ್ವಾಳ ಕಡೆಯವರೆಲ್ಲ ಸೇರಿ ಒಂದು ಕಬಡ್ಡಿ ತಂಡ ಕಟ್ಟಿದ್ದರು. ಮಗ ಅದರಲ್ಲಿ ರೈಡರ್. ಫೋರ್‌ಮನ್ ಕೋಚ್. ಆದರೆ ಕೋಚ್ ಎಂದು ಯಾರೂ ಕರೆಯಲಿಲ್ಲ. ಕೆಲಸದಲ್ಲೂ ಫೋರ್‌ಮನ್, ಅಂಕಣದಲ್ಲೂ ಫೋರ್‌ಮನ್.

ಬೇರೆ ಕೋಚ್‌ಗಳ ಕೊರಳಲ್ಲಿ ಸೀಟಿ ಇರುತ್ತದೆ. ಇವನ ಕೊರಳಲ್ಲಿ ದಾರ ಕಟ್ಟಿದ ನೇಲ್ ಕಟರ್. ಇಲ್ಲಿ ರಜೆ ಶುಕ್ರವಾರ, ಮ್ಯಾಚೂ ಶುಕ್ರವಾರ. ಆಟಕ್ಕೆ ಮುಂಚೆ ಎಲ್ಲರನ್ನೂ ಸಾಲಾಗಿ ಕೂರಿಸಿ, ಆ ಸೊಟ್ಟ ಬೆರಳುಗಳಲ್ಲಿ ಒಬ್ಬೊಬ್ಬನ ಕೈಕಾಲಿನ ಉಗುರನ್ನೂ ತಾನೇ ಕತ್ತರಿಸುತ್ತಿದ್ದ. ಮೊದಲ ಸಲ ನೋಡಿದಾಗ ನನಗೆ ತಡೆಯಲಾಗಲಿಲ್ಲ.

"ಏ ಫೋರ್‌ಮನ್, ಶುಕ್ರವಾರ ಯಾರಾದರೂ ಉಗುರು ತೆಗೀತಾರಾ? ಲಕ್ಷ್ಮಿ ಎದ್ದು ಹೋಗ್ತಾಳೆ."

ತಲೆ ಎತ್ತಲಿಲ್ಲ. "ಅಮ್ಮ, ಕತಾರಿನಲ್ಲಿ ಲಕ್ಷ್ಮಿಗೂ ಶುಕ್ರವಾರ ರಜೆ. ನಾಳೆ ಡ್ಯೂಟಿಗೆ ಬರ್ತಾಳೆ, ನೀವು ಚಿಂತೆ ಮಾಡ್ಬೇಡಿ."

ಉಗುರಾದ ಮೇಲೆ ಪೇಪರು. ಹಳೇ ದಿನಪತ್ರಿಕೆಯ ತುಂಡುಗಳನ್ನು ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದ. ಒಬ್ಬೊಬ್ಬನ ತೊಡೆಗೆ, ಮೊಣಕಾಲಿಗೆ, ಹಿಮ್ಮಡಿಗೆ ಒತ್ತಿ ಬೆಳಕಿಗೆ ಹಿಡಿಯುವುದು. ಎಣ್ಣೆಯ ಕಲೆ ಕಂಡರೆ, "ಹೋಗು, ಸೋಪು ಹಾಕಿ ತಿಕ್ಕಿ ಬಾ, ಯಲ್ಲಾ, ಬೇಗ!" ಮೈಗೆ ಎಣ್ಣೆ ಹಚ್ಚಿ ಇಳಿದರೆ ಹಿಡಿದವನ ಕೈ ಜಾರುತ್ತದೆ. ಅದು ಮೋಸ. ತಲೆಗೆ ಹಚ್ಚಿದ ತೆಂಗಿನೆಣ್ಣೆ ಕುತ್ತಿಗೆಗೆ ಇಳಿದಿದೆ ಎಂದು ಒಬ್ಬನಿಗೆ ಎರಡು ಸಲ ಸ್ನಾನ ಮಾಡಿಸಿದ್ದನ್ನು ನಾನೇ ನೋಡಿದ್ದೇನೆ.

ಇಷ್ಟು ಯಾಕೆ ಎಂದು ಒಂದು ದಿನ ಕೇಳಿದೆ. ಊರಲ್ಲಿ ಹರೆಯದಲ್ಲಿ ಆಡುವಾಗ ಅವನ ಹೆಬ್ಬೆರಳಿನ ಉಗುರು ಎದುರಿನವನೊಬ್ಬನ ಕಣ್ಣಿಗೆ ಹೊಕ್ಕಿತ್ತಂತೆ. ಕಣ್ಣು ಹೊರಗೇ ಬಂತು ಎಂದ. "ಅವನು ನನ್ನ ಮದುವೆಗೆ ಬಂದಿದ್ದ ಅಮ್ಮ. ಒಂದು ಕಣ್ಣಲ್ಲಿ ನಗ್ತಾ ಊಟ ಮಾಡಿದ. ನನಗೆ ಆ ದಿನ ಅನ್ನ ಇಳೀಲಿಲ್ಲ."

ಮೊಮ್ಮಗಳು ಹುಟ್ಟಿದ ಆ ವರ್ಷದ ಆಟವನ್ನು ಈಗಲೂ ಎಲ್ಲರೂ ಹೇಳುತ್ತಾರೆ. ಫೈನಲ್‌ವರೆಗೆ ತಂಡ ಒಂದು ಮ್ಯಾಚೂ ಸೋಲಲಿಲ್ಲ. ಚಂದದ ಆಟ ಎಂದು ನಾನು ಹೇಳುವುದಿಲ್ಲ, ಅದು ಹೊಡೆದಾಟವೇ. ಬೇಕರಿಯಲ್ಲಿ ಕೆಲಸ ಮಾಡುವವನೊಬ್ಬ ನಮ್ಮಲ್ಲಿ ಎಡ ಮೂಲೆಗೆ ನಿಲ್ಲುತ್ತಿದ್ದ. ಎರಡನೇ ಮ್ಯಾಚಿನಲ್ಲಿ ಅವನ ಭುಜದ ಎಲುಬು ಮುರಿಯಿತು. ಒಣಗಿದ ತೆಂಗಿನ ಮಡಲು ತುಳಿದ ಹಾಗೆ ಶಬ್ದ, ಮೂರನೇ ಸಾಲಿಗೂ ಕೇಳಿತು. ಕೈ ಜೋತು ಬಿದ್ದಿದ್ದರೂ ಹಿಡಿದ ಕಾಲು ಬಿಡಲಿಲ್ಲ. ಪಾಯಿಂಟ್ ಕೊಟ್ಟ ಮೇಲೆಯೇ ಕೂಗಿದ್ದು. ಇನ್ನೊಂದರಲ್ಲಿ ನನ್ನ ಮಗನ ಹುಬ್ಬು ಸೀಳಿ ರಕ್ತ ಬಾಯಿಗೆ ಇಳಿಯಿತು. ಅದನ್ನು ಉಗುಳಿಕೊಂಡೇ "ಕಬಡ್ಡಿ ಕಬಡ್ಡಿ" ಎಂದು ಮಧ್ಯಗೆರೆ ಮುಟ್ಟಿದ. ನಾನು ಎದ್ದು ನಿಂತು ಕೇಕೆ ಹಾಕಿದೆ. ಸೊಸೆ ನನ್ನನ್ನು ರಾಕ್ಷಸಿಯನ್ನು ನೋಡಿದ ಹಾಗೆ ನೋಡಿದಳು. ನೋಡಲಿ.

ಫೈನಲ್ ದೋಹಾದ ಒಂದು ಶಾಲೆಯ ಹಾಲ್‌ನಲ್ಲಿ. ಎದುರಿಗೆ ಕಪ್ಪು ಬನಿಯನ್ನಿನ ತಂಡ. ಅವರ ಮೂಲೆಯ ಆಟಗಾರ ಕೋಣದಂಥ ಆಳು, ಅರ್ಧ ಆಟದಲ್ಲಿ ಮಗನನ್ನು ಎರಡು ಸಲ ನೆಲಕ್ಕೆ ಅಪ್ಪಳಿಸಿದ್ದ. ವಿರಾಮದಲ್ಲಿ ಮಗ ಕುಂಟುತ್ತ ನಾನು ಕೂತಲ್ಲಿಗೆ ಬಂದ.

"ಮೊಣಕಾಲು ಹಿಡ್ಕೊಂಡಿದೆ ಅಮ್ಮ."

ನನ್ನ ಚೀಲದಲ್ಲಿ ಊರಿಂದ ತಂದ ನೋವಿನ ಎಣ್ಣೆಯ ಬಾಟ್ಲಿ ಯಾವಾಗಲೂ ಇರುತ್ತದೆ. ತೆಗೆದೆ.

"ಬೇಡ ಬೇಡ. ಫೋರ್‌ಮನ್ ಬೈತಾರೆ."

"ಫೋರ್‌ಮನ್ ನಿನ್ನನ್ನು ಹೆತ್ತದ್ದಾ? ಕಾಲು ನೀಡು."

ಫೋರ್‌ಮನ್ ಆಚೆ ಬದಿಯಲ್ಲಿ ಒಂದು ಪಾಯಿಂಟಿನ ವಿಷಯಕ್ಕೆ ರೆಫ್ರಿಯ ಹತ್ತಿರ ಜಗಳಾಡುತ್ತಿದ್ದ. ನಾನು ಮೊಣಕಾಲಿನಿಂದ ತೊಡೆಯವರೆಗೆ ಚೆನ್ನಾಗಿ ತಿಕ್ಕಿದೆ. ಸೆರಗಿನಲ್ಲಿ ಒರೆಸಿದೆ. ಒರೆಸಿದರೆ ಹೋಗುತ್ತದೆಯೇ?

ಮೊದಲ ರೈಡಿಗೇ ಆಯಿತು. ಕೋಣ ಮಗನ ಮೊಣಕಾಲಿಗೆ ಬಾಚಿ ಹಾರಿದ. ಕೈ ಜಾರಿತು. ಅಷ್ಟು ದೊಡ್ಡ ಮೈ, ಅಷ್ಟು ಜೋರು, ಹಿಡಿಯಲು ಏನೂ ಇಲ್ಲ. ನೇರ ಹೋಗಿ ಸ್ಕೋರ್ ಬರೆಯುವವರ ಮೇಜಿನ ಕಬ್ಬಿಣದ ಮೂಲೆಗೆ ಮುಖ ಕೊಟ್ಟ. ತೆಂಗಿನಕಾಯಿ ಒಡೆದ ಹಾಗೆ ಕೇಳಿಸಿತು. ಮಗುಚಿದಾಗ ಕೆಳದವಡೆ ಒಂದು ಬದಿಗೆ ತಿರುಗಿ ನಿಂತಿತ್ತು. ನಾಲ್ಕು ಹಲ್ಲು ಮ್ಯಾಟಿನ ಮೇಲೆ. ರಕ್ತ ಗುಳ್ಳೆ ಗುಳ್ಳೆಯಾಗಿ ಬರುತ್ತಿತ್ತು.

ಎಲ್ಲರೂ ಬಿದ್ದವನ ಕಡೆ ಓಡಿದರು. ಫೋರ್‌ಮನ್ ಓಡಿದ್ದು ನನ್ನ ಮಗನ ಕಡೆ. ಕಿಸೆಯಿಂದ ಪೇಪರು ತೆಗೆದು ಮೊಣಕಾಲಿಗೆ ಒತ್ತಿದ. ಬೆಳಕಿಗೆ ಹಿಡಿದ. ಮೂಸಿದ. ಆಮೇಲೆ ತಿರುಗಿ ನೇರ ನನ್ನನ್ನು ನೋಡಿದ. ಪೇಪರನ್ನು ಮಡಚಿ ಕಿಸೆಗೆ ಹಾಕಿದ.

ಅಷ್ಟರಲ್ಲಿ ರೆಫ್ರಿಯೂ ಬಂದು ಕಾಲು ಮುಟ್ಟಿ ನೋಡಿದ. ಕಪ್ಪು ಬನಿಯನ್ನಿನವರು ಮಗನನ್ನು ಸುತ್ತಿಕೊಂಡರು. "ಇವನೇ ಹಚ್ಕೊಂಡದ್ದು. ಪೊಲೀಸಿಗೆ ಕೊಡಿ. ಇಲ್ಲಾಂದ್ರೆ ಈ ಕಾಲು ಇಲ್ಲೇ ಮುರಿದು ಇಟ್ಟು ಹೋಗ್ಲಿ." ಪೊಲೀಸ್ ಕೇಸು ಅಂದರೆ ಇಲ್ಲಿ ಕೆಲಸ ಹೋಯಿತು, ವೀಸಾ ಹೋಯಿತು. ಮನೆಯಲ್ಲಿ ಆರು ತಿಂಗಳ ಕೂಸು. ನಾನು ಬಾಟ್ಲಿ ಹಿಡಿದು ಎದ್ದೆ.

"ಅಮ್ಮ, ಕೂತ್ಕೊಳ್ಳಿ!" ಅಟ್ಟಣಿಗೆಯ ಮೇಲಿನವರಿಗೆ ಫೋರ್‌ಮನ್ ಕೂಗುವ ಸ್ವರ ಅದು. ಹಾಲ್‌ನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. "ಹಚ್ಚಿದ್ದು ನಾನು. ನೋವಿನ ಮುಲಾಮು ಅಂತ ಹೇಳಿ ಹಚ್ಚಿದೆ, ಆಟಗಾರನಿಗೆ ಗೊತ್ತಿಲ್ಲ. ಕೇಳುದಿದ್ರೆ ನನ್ನನ್ನು ಕೇಳಿ." ಆಮೇಲೆ ನಮ್ಮ ತಂಡದ ಕಡೆ ತಿರುಗಿ, "ನೀವು ಯಾರೂ ಕೈ ಎತ್ತಬಾರದು. ಎತ್ತಿದವ ನಾಳೆಯಿಂದ ನನ್ನ ಹತ್ತಿರ ಬರುದು ಬೇಡ" ಎಂದ.

ಅವರ ಕ್ಯಾಪ್ಟನ್ ಮಡಚುವ ಕಬ್ಬಿಣದ ಕುರ್ಚಿ ಎತ್ತಿದ. ಮೊದಲ ಏಟು ಭುಜಕ್ಕೆ. ಎರಡನೆಯದು ತಲೆಗೆ ಬರುವಾಗ ಫೋರ್‌ಮನ್ ಬಲಗೈ ಅಡ್ಡ ಹಿಡಿದ. ಮೂರನೆಯದೂ ಅದೇ ಕೈಗೆ. ಬಿದ್ದ ಮೇಲೆ ಬೂಟುಗಾಲಲ್ಲಿ ತುಳಿದವರು ಎಷ್ಟು ಜನ ಎಂದು ನಾನು ನೋಡಲಿಲ್ಲ. ಅವನು ಬೊಬ್ಬೆ ಹಾಕಲಿಲ್ಲ, ಕೈ ಎತ್ತಲಿಲ್ಲ. ನಮ್ಮವರು ಗೋಡೆಗೆ ಅಂಟಿ ಅಳುತ್ತ ನಿಂತಿದ್ದರು.

ನಾನು ಕೂತೆ. ಹೇಳಿದ್ದಕ್ಕೆ ಕೂತದ್ದಲ್ಲ. ಹೆದರಿ ಕೂತೆ.

ಮುಂದಿನ ಶುಕ್ರವಾರ ಮಗನ ಕಾರಿನಲ್ಲಿ ಕ್ಯಾಂಪಿಗೆ ಹೋದೆ. ಫೈನಲಿನ ಕಪ್ ಅವರಿಗೆ ಹೋಗಿತ್ತು. ಫೋರ್‌ಮನ್ ಇನ್ನು ಯಾವ ಅಂಕಣಕ್ಕೂ ಕಾಲಿಡಬಾರದು ಎಂದು ಸಂಘಟಕರು ತೀರ್ಮಾನ ಮಾಡಿದ್ದರು. ಅವನು ಮಂಚದ ಮೇಲೆ ಕೂತಿದ್ದ, ಕೈಗೆ ಪ್ಲಾಸ್ಟರು. ಮಗ ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ. ನಾನು ಕೋಳಿ ಸುಕ್ಕ, ನೀರುದೋಸೆ ಮುಂದಿಟ್ಟೆ. ಎಡಗೈಯಲ್ಲಿ ಚಮಚ ಹಿಡಿದು ತಿಂದ.

"ನೀನು ಯಾಕೆ ಹಾಗೆ ಹೇಳಿದ್ದು?"

"ಅವನ ಕಾಲು ಮುರಿದ್ರೆ ಕೆಲಸ ಹೋಗ್ತದೆ. ಫೋರ್‌ಮನ್‌ಗೆ ಬಾಯಿ ಇದ್ರೆ ಸಾಕಲ್ವಾ ಅಮ್ಮ? ಮತ್ತೆ, ಅವರು ನನಗೆ ಹೊಡೆದ ಮೇಲೆ ಪೊಲೀಸಿಗೆ ಹೋಗುವ ಹಾಗಿಲ್ಲ. ಹೋದ್ರೆ ಅವರೂ ಒಳಗೆ. ಖಲಾಸ್."

ಅದಕ್ಕೇ ನಮ್ಮವರನ್ನು ಕೈ ಎತ್ತದಂತೆ ನಿಲ್ಲಿಸಿದ್ದು. ಹೊಡೆತ ತಿನ್ನುವ ಮೊದಲೇ ಅಷ್ಟು ಯೋಚಿಸಿದ್ದ.

"ಎಣ್ಣೆ ಹಚ್ಚಬಾರದು ಅಂತ ನನಗೆ ಗೊತ್ತಿತ್ತು" ಎಂದೆ.

"ನಿಮಗೆ ಗೊತ್ತಿತ್ತು ಅಂತ ನನಗೂ ಗೊತ್ತುಂಟು. ವಾರ ವಾರ ನೋಡ್ತಾ ಕೂತವರಲ್ವಾ? ಆಯ್ತು, ಬಿಡಿ. ಇದನ್ನು ಯಾರ ಹತ್ರವೂ ಹೇಳ್ಲಿಕ್ಕಿಲ್ಲ. ಹೇಳಿದ್ರೆ ನಾನು ಪೆಟ್ಟು ತಿಂದದ್ದು ದಂಡ." ಬಾಗಿಲಲ್ಲಿ ನಿಂತ ಮಗನಿಗೂ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಹೇಳಿದ. ಆಮೇಲೆ ತಟ್ಟೆ ನೋಡಿ, "ಸುಕ್ಕಕ್ಕೆ ಉಪ್ಪು ಕಮ್ಮಿ" ಎಂದ.

ಪ್ಲಾಸ್ಟರು ಬಿಚ್ಚಿದಾಗ ಎರಡು ಬೆರಳು ಮಡಚಲಿಲ್ಲ. ಆ ಕೈಯಲ್ಲಿ ಪೈಪು ಹಿಡಿದು ಮೇಲೆ ಹತ್ತಲಾಗುವುದಿಲ್ಲ ಎಂದು ಅವನನ್ನು ಸ್ಟೋರಿಗೆ ಹಾಕಿದರು. ಬಾಯಿ ಸಾಕಾಗಲಿಲ್ಲ. ಎರಡು ವರ್ಷ ಬೋಲ್ಟು ಎಣಿಸಿ ಊರಿಗೆ ಹೋದ. ಹೋಗುವಾಗ ನೇಲ್ ಕಟರನ್ನು ಮಗನ ಕೈಯಲ್ಲಿ ಕೊಟ್ಟು ಹೋದ. ಮಗ ಅದನ್ನು ಕಪಾಟಿನ ಒಳಗೆ ಎಲ್ಲೋ ತುರುಕಿಟ್ಟ.

ಆಮೇಲಿನ ವರ್ಷಗಳಲ್ಲಿ ಹಳೇ ಆಟಗಾರರೆಲ್ಲ ಆಗಾಗ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಸೇರುತ್ತಿದ್ದರು. ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ಮಾತು ಮಾತ್ರ ಆ ವರ್ಷದ್ದೇ. ಯಾರ ರೈಡು, ಯಾರ ಕ್ಯಾಚು, ಯಾರ ಎಲುಬು. ಕೊನೆಗೆ ಮಾತು ಫೈನಲಿಗೆ ಬರುತ್ತಿತ್ತು. "ಫೋರ್‌ಮನ್ ಎಣ್ಣೆ ಹಚ್ಚದಿದ್ರೆ ಕಪ್ ನಮ್ದೇ ಮಾರಾಯ." ನಾನು ಅವರಿಗೆ ಸಾರು ಬಡಿಸುತ್ತಿದ್ದೆ. ಮಗ ತಟ್ಟೆ ನೋಡುತ್ತಿದ್ದ.

ಹೋದ ತಿಂಗಳು ಫೋರ್‌ಮನ್ ಸತ್ತ. ಊರಲ್ಲಿ, ಎದೆನೋವು, ಆಸ್ಪತ್ರೆಗೆ ಮುಟ್ಟಲಿಲ್ಲ. ಸುದ್ದಿ ಮೊಬೈಲಿಗೆ ಬಂತು. ಆ ಶುಕ್ರವಾರ ಎಲ್ಲರೂ ಬಂದರು. ಊಟಕ್ಕೆ ಕೂತು ಪುನಃ ಅದೇ ಫೈನಲಿನ ಮಾತು ಶುರು ಮಾಡಿದರು. ಭುಜ ಮುರಿದಿದ್ದ ಬೇಕರಿಯವನು ಹೇಳಿದ:

"ಪಾಪ, ಒಳ್ಳೆಯ ಮನುಷ್ಯ. ಆದ್ರೆ ಮಾರಾಯ್ರೇ, ಅಷ್ಟು ಉಗುರು ನೋಡಿ, ಅಷ್ಟು ಪೇಪರು ಒತ್ತಿ, ಕಡೆಗೆ ತಾನೇ ಎಣ್ಣೆ ಹಚ್ಚಿದ ನೋಡಿ! ಮೇಲೆ ಯಮನಿಗೂ ಹಚ್ಚಿ ಜಾರಿ ಬರ್ತಾನೆ."

ನಕ್ಕರು.

ನಾನು ಅಡುಗೆಮನೆಗೆ ಹೋಗಿ ಎಣ್ಣೆಯ ಬಾಟ್ಲಿ ತಂದು ಅವನ ತಟ್ಟೆಯ ಪಕ್ಕ ಇಟ್ಟೆ. ಬಾಟ್ಲಿ ಹೊಸದು. ಎಣ್ಣೆ ಅದೇ.

"ಹಚ್ಚಿದ್ದು ನಾನು. ವಿರಾಮದಲ್ಲಿ, ಈ ಕೈಯಲ್ಲಿ. ಅವನು ನನ್ನ ಮಗನ ಬದಲು ಹೊಡೆಸಿಕೊಂಡ. ಇನ್ನು ನಗಿ, ನೋಡುವ."

ಬೇಕರಿಯವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಇನ್ನೊಬ್ಬ, "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ದೊಡ್ಡಮ್ಮ?" ಎಂದು ಕೇಳಿದ.

"ಅವನು ಹೇಳಬೇಡ ಅಂದಿದ್ದ. ನನಗೂ ಅದೇ ಬೇಕಿತ್ತು."

ಮಗ ಎದ್ದ. ಬೈಯುತ್ತಾನೆ ಎಂದುಕೊಂಡೆ. ಕೈ ತೊಳೆದು ಮೊಬೈಲು ತೆಗೆದು, ದವಡೆ ಮುರಿದವನ ನಂಬರು ಯಾರ ಹತ್ತಿರ ಉಂಟು ಎಂದು ಕೇಳಿದ. ಅವನು ಈಗಲೂ ದೋಹಾದಲ್ಲೇ ಟ್ರಕ್ಕು ಓಡಿಸುತ್ತಾನಂತೆ. ನಂಬರು ಸಿಕ್ಕಿತು. ಮಗ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡ. ಗಾಜಿನ ಆಚೆ ಬಹಳ ಹೊತ್ತು ತಲೆ ತಗ್ಗಿಸಿ ನಿಂತಿದ್ದ. ಆಚೆಯವನು ಏನು ಬೈದನೋ ನಾನು ಕೇಳಲಿಲ್ಲ. ಎಷ್ಟು ಬೈದರೂ ಸರಿಯೇ.

ಎಲ್ಲರೂ ಹೋದ ಮೇಲೆ ಕಪಾಟು ಹುಡುಕಿ ನೇಲ್ ಕಟರ್ ತೆಗೆದೆ. ದಾರ ಫೋರ್‌ಮನ್‌ನ ಬೆವರಿಗೆ ಕಪ್ಪಾಗಿದೆ, ಅಲಗು ಮಾತ್ರ ಇನ್ನೂ ಹರಿತ. ಈಗ ನಾನು ಶುಕ್ರವಾರವೇ ಉಗುರು ತೆಗೆಯುತ್ತೇನೆ, ಕೈಯದ್ದೂ ಕಾಲಿನದ್ದೂ. ಸೊಸೆ ಬೇಡ ಅನ್ನುತ್ತಾಳೆ. ಲಕ್ಷ್ಮಿ ಹೋಗುವುದಿದ್ದರೆ ಹೋಗಲಿ.